ಪೃಥ್ವೀವಲ್ಲಭನ ಮದುವೆ: ಅರಸು, ಕುದುರೆ ಮತ್ತು ನೆಲ

ಬಾದಾಮಿಯ ಕೋಟೆಯ ಬಂಡೆಯೊಂದರ ಮೇಲೆ ಶಕವರ್ಷ 465ರ, ಅಂದರೆ ಕ್ರಿ.ಶ. 543ರ, ಸಂಸ್ಕೃತ ಶಾಸನವಿದೆ. ಚಾಲುಕ್ಯ ವಲ್ಲಭೇಶ್ವರನು ಶ್ರೌತವಿಧಿಗೆ ಅನುಸಾರವಾಗಿ ಅಶ್ವಮೇಧ ಮೊದಲಾದ ಯಜ್ಞಗಳನ್ನು ಮಾಡಿದನೆಂದೂ, ಹಿರಣ್ಯಗರ್ಭದಿಂದ ಮರುಹುಟ್ಟು ಪಡೆದನೆಂದೂ, ವಾತಾಪಿಯ ಬೆಟ್ಟವನ್ನು ಶತ್ರುಗಳಿಗೆ ಅಭೇದ್ಯವಾದ ದುರ್ಗವನ್ನಾಗಿ ಮಾಡಿದನೆಂದೂ ಅದು ಹೇಳುತ್ತದೆ. ಈ ವಲ್ಲಭೇಶ್ವರನೇ ಒಂದನೆಯ ಪುಲಕೇಶಿ. ಅವನ ವಂಶದವರು ಮುಂದೆ ತಮ್ಮ ತಾಮ್ರಪಟಗಳಲ್ಲಿ, ಅಶ್ವಮೇಧದ ಅವಭೃಥಸ್ನಾನದಿಂದ ಪವಿತ್ರವಾದ ಕುಲ ತಮ್ಮದೆಂದು ಮತ್ತೆ ಮತ್ತೆ ಸಾರಿಕೊಂಡರು.

ಬಾದಾಮಿಯ ಶಾಸನದಲ್ಲಿ ಯಜ್ಞದ ಹೆಸರಿನಾಚೆಗೆ ಕುದುರೆಯ ಮಾತಿಲ್ಲ. ರಾಣಿಯ ಮಾತಂತೂ ಇಲ್ಲವೇ ಇಲ್ಲ. ಆದರೆ ಶಾಸನವು ಉಲ್ಲೇಖಿಸುವ ಆ ‘ಶ್ರೌತವಿಧಿ’ಯಲ್ಲಿ ಇವರಿಬ್ಬರೇ ಮುಖ್ಯ ಪಾತ್ರಗಳು. ಯಜ್ಞದ ನಡುಮಧ್ಯದಲ್ಲಿ ರಾಜನ ಪಟ್ಟದ ರಾಣಿಗೂ ಬಲಿಯಾದ ಕುದುರೆಗೂ ಒಂದು ಬಗೆಯ ವಿವಾಹ ನಡೆಯುತ್ತದೆ. ಆ ವಿವಾಹದ ಅರ್ಥವೇನು, ಲೋಕದ ಬೇರೆಡೆಗಳಲ್ಲಿ ಅದಕ್ಕೆ ಹೋಲುವುದೇನಿದೆ, ಕನ್ನಡದ ಶಾಸನ ಮತ್ತು ಕಾವ್ಯಗಳು ಅದನ್ನು ಹೇಗೆ ಬದಲಿಸಿಕೊಂಡವು ಎಂಬುದು ಈ ಲೇಖನದ ವಿಷಯ.

ವಿಧಿಯಲ್ಲಿ ಇರುವುದು

ಅಶ್ವಮೇಧದ ವಿಧಿಯನ್ನು ಶತಪಥ ಬ್ರಾಹ್ಮಣದ 13ನೆಯ ಕಾಂಡವು ವಿಸ್ತಾರವಾಗಿ ಹೇಳುತ್ತದೆ. ಅದರ ಮಂತ್ರಭಾಗ ವಾಜಸನೇಯಿ ಸಂಹಿತೆಯ 23ನೆಯ ಅಧ್ಯಾಯದಲ್ಲಿದೆ. ರಾಜನಿಗೆ ನಾಲ್ವರು ಪತ್ನಿಯರು: ಮಹಿಷಿ, ವಾವಾತಾ, ಪರಿವೃಕ್ತಾ, ಪಾಲಾಗಲೀ. ಮಹಿಷಿ ಪಟ್ಟಾಭಿಷಿಕ್ತಳು, ವಾವಾತಾ ಪ್ರಿಯಳು, ಪರಿವೃಕ್ತಾ ಕಡೆಗಣಿಸಲ್ಪಟ್ಟವಳು, ಪಾಲಾಗಲೀ ಕೆಳಗಿನ ಅಂತಸ್ತಿನವಳು. ಯಜ್ಞಾರಂಭದ ರಾತ್ರಿ ರಾಜನು ಗಾರ್ಹಪತ್ಯಾಗ್ನಿಯ ಹಿಂಬದಿಯಲ್ಲಿ ವಾವಾತೆಯೊಡನೆ ಮಲಗಬೇಕು, ಆದರೆ ಕೂಡಬಾರದು. ಆ ಸಂಯಮದ ಬಲದಿಂದಲೇ ವರ್ಷವನ್ನು ನಿರ್ವಿಘ್ನವಾಗಿ ದಾಟಬೇಕೆಂಬುದು ಅವನ ಸಂಕಲ್ಪ.

ಮರುದಿನದಿಂದ ಕುದುರೆ ಒಂದು ವರ್ಷ ಸ್ವೇಚ್ಛೆಯಾಗಿ ಅಲೆಯುತ್ತದೆ. ನೂರು ನೂರರ ನಾಲ್ಕು ತಂಡಗಳಾಗಿ 400 ಮಂದಿ ಕಾವಲುಗಾರರು ಅದರ ಹಿಂದೆ ಹೋಗುತ್ತಾರೆ. ಅದು ಹೆಣ್ಣುಕುದುರೆಗಳ ಬಳಿ ಸುಳಿಯದಂತೆ ಅವರು ನೋಡಿಕೊಳ್ಳಬೇಕು. ಅರಮನೆಯಲ್ಲಿ ರಾಜನ ಸಂಯಮ, ಬಯಲಿನಲ್ಲಿ ಕುದುರೆಯ ಸಂಯಮ: ಇವೆರಡೂ ಒಂದಕ್ಕೊಂದು ಕನ್ನಡಿ ಹಿಡಿದಂತಿವೆ. ರಾಜನ ವೀರ್ಯವೇ ಕುದುರೆಯ ರೂಪದಲ್ಲಿ ನೆಲವನ್ನೆಲ್ಲ ಸುತ್ತುತ್ತದೆಂಬ ಭಾವ ಈ ಜೋಡಣೆಯ ಹಿಂದಿದೆ.

ವರ್ಷಾಂತ್ಯದಲ್ಲಿ ಕುದುರೆಯನ್ನು ಉಸಿರುಕಟ್ಟಿಸಿ ಕೊಲ್ಲುತ್ತಾರೆ. ಪತ್ನಿಯರು ಅದನ್ನು ಪ್ರದಕ್ಷಿಣೆ ಮಾಡುತ್ತಾರೆ. ಬಳಿಕ ಮಹಿಷಿಯು ಸತ್ತ ಕುದುರೆಯ ಪಕ್ಕದಲ್ಲಿ ಮಲಗುತ್ತಾಳೆ. ಇಬ್ಬರ ಮೇಲೂ ಒಂದೇ ಹೊದಿಕೆಯನ್ನು ಹೊದಿಸುತ್ತಾರೆ. ದಾಂಪತ್ಯದ ಮಾತುಗಳನ್ನಾಡುವ ಮಂತ್ರಗಳು ನಡೆಯುತ್ತವೆ. ಇದೇ ಹೊತ್ತಿಗೆ ಋತ್ವಿಜರಿಗೂ ರಾಜಪತ್ನಿಯರಿಗೂ ಅವರ ಪರಿವಾರದವರಿಗೂ ನಡುವೆ ಬಹಳ ಅಶ್ಲೀಲವಾದ ಸಂವಾದವೊಂದು ನಡೆಯುತ್ತದೆ. ಅದು ಮುಗಿದೊಡನೆ ದಧಿಕ್ರಾವನ್ ಎಂಬ ದಿವ್ಯಾಶ್ವವನ್ನು ಕುರಿತ ಋಕ್ಕನ್ನು ಹೇಳಿ, ಬಾಯಿ ಮತ್ತೆ ಸುಗಂಧವಾಗಲಿ ಎಂದು ಪ್ರಾರ್ಥಿಸುತ್ತಾರೆ.

ಈ ಕೊನೆಯ ಪ್ರಾರ್ಥನೆ ಗಮನಾರ್ಹವಾದುದು. ತಾವು ಆಡಿದ ಮಾತು ಎಂಥದೆಂಬುದನ್ನು ಋತ್ವಿಜರು ಅರಿಯದವರಲ್ಲ. ಅರಿತೂ ಆಡಿದರು, ಆಡಿದ ಮೇಲೆ ಬಾಯಿ ತೊಳೆದುಕೊಂಡರು. ಎರಡನ್ನೂ ವಿಧಿಯಲ್ಲಿ ಬರೆದಿಟ್ಟರು.

ಈ ಪ್ರಸಂಗವನ್ನು ಇತಿಹಾಸಕಾವ್ಯಗಳೂ ಮುಚ್ಚಿಡಲಿಲ್ಲ. ವಾಲ್ಮೀಕಿಯ ಬಾಲಕಾಂಡದಲ್ಲಿ ದಶರಥನ ಅಶ್ವಮೇಧದ ವೇಳೆ ಕೌಸಲ್ಯೆಯು ಕುದುರೆಯೊಡನೆ ಒಂದು ರಾತ್ರಿಯನ್ನು ಕಳೆಯುತ್ತಾಳೆ. ವ್ಯಾಸಭಾರತದ ಆಶ್ವಮೇಧಿಕ ಪರ್ವದಲ್ಲಿ ದ್ರೌಪದಿಯನ್ನು ವಿಧಿಯಂತೆ ಕುದುರೆಯ ಬಳಿ ಮಲಗಿಸುತ್ತಾರೆ. ಸಮುದ್ರಗುಪ್ತನ ಅಶ್ವಮೇಧದ ಚಿನ್ನದ ನಾಣ್ಯಗಳಲ್ಲಿ ಒಂದು ಮುಖದಲ್ಲಿ ಯೂಪದ ಮುಂದೆ ನಿಂತ ಕುದುರೆಯಿದ್ದರೆ, ಇನ್ನೊಂದು ಮುಖದಲ್ಲಿ ಚಾಮರ ಹಿಡಿದ ಸ್ತ್ರೀಯಿದ್ದಾಳೆ. ಅವಳನ್ನು ಸಾಮಾನ್ಯವಾಗಿ ಮಹಿಷಿಯೆಂದು ಗುರುತಿಸುತ್ತಾರೆ. ವಧುವೂ ವರನೂ ಒಂದೇ ನಾಣ್ಯದ ಎರಡು ಮುಖಗಳಾಗಿ ರಾಜ್ಯದಲ್ಲೆಲ್ಲ ಕೈಯಿಂದ ಕೈಗೆ ಸಂಚರಿಸಿದರು.

‘ಮಹಿಷಿ’ ಎಂಬ ಶಬ್ದವೂ ಇಲ್ಲಿ ನೆನಪಾಗಬೇಕು. ಮಹತ್ತಾದುದು, ಬಲಶಾಲಿಯಾದುದು ಎಂಬ ಅರ್ಥದಿಂದ ಹೊರಟ ಈ ಶಬ್ದಕ್ಕೆ ಎಮ್ಮೆ ಎಂಬ ಅರ್ಥವೂ ಪಟ್ಟದರಸಿ ಎಂಬ ಅರ್ಥವೂ ಇವೆ. ಕನ್ನಡದಲ್ಲಿ ‘ಪಟ್ಟಮಹಿಷಿ’ ಎನ್ನುವಾಗ ಯಾರಿಗೂ ಎಮ್ಮೆಯ ನೆನಪಾಗುವುದಿಲ್ಲ. ಆದರೆ ಮಾನವ ಮತ್ತು ಪ್ರಾಣಿ ಎಂಬ ಗೆರೆಯನ್ನು ಅಷ್ಟು ಬಿಗಿಯಾಗಿ ಎಳೆಯದ ಕಾಲವೊಂದರ ಗುರುತನ್ನು ಆ ಮಾತು ಇಂದಿಗೂ ಹೊತ್ತಿದೆ.

ಬ್ರಾಹ್ಮಣದ ವ್ಯಾಖ್ಯಾನ

ಈ ವಿವಾಹದಲ್ಲಿ ಕೂಡುವವರು ನಿಜವಾಗಿ ಯಾರು? ಶತಪಥ ಬ್ರಾಹ್ಮಣವೇ ಇದಕ್ಕೆ ಉತ್ತರ ಕೊಡುತ್ತದೆ, ಮತ್ತು ಆ ಉತ್ತರ ಅನಿರೀಕ್ಷಿತವಾದುದು. ಅಶ್ಲೀಲ ಸಂವಾದದ ಒಂದೊಂದು ಮಾತನ್ನೂ ಎತ್ತಿಕೊಂಡು ಅದು ರಾಜನೀತಿಯ ಪರಿಭಾಷೆಯಲ್ಲಿ ಬಿಡಿಸುತ್ತದೆ. ಅಲ್ಲಿ ಬರುವ ಪುಟ್ಟ ಹಕ್ಕಿ ಎಂದರೆ ‘ವಿಶ್’, ಅಂದರೆ ಪ್ರಜೆ. ಅದನ್ನು ಒತ್ತುವುದು ‘ರಾಷ್ಟ್ರ’, ಅಂದರೆ ರಾಜಶಕ್ತಿ. ಜವೆಯ ಪೈರು ಪ್ರಜೆ, ಅದನ್ನು ಮೇಯುವ ಜಿಂಕೆ ರಾಜಶಕ್ತಿ. ಆದಕಾರಣ ರಾಷ್ಟ್ರವನ್ನು ಹಿಡಿದವನು ಪ್ರಜೆಯನ್ನು ಪೀಡಿಸುವವನಾಗುತ್ತಾನೆ ಎಂದು ಅದು ತೀರ್ಮಾನಿಸುತ್ತದೆ.

ಈ ವ್ಯಾಖ್ಯಾನ ಬಹಳ ಮುಖ್ಯವಾದುದು. ರಾಣಿ ಮತ್ತು ಕುದುರೆಯ ಕೂಟವನ್ನು ಬರಿಯ ಫಲವಂತಿಕೆಯ ಆಚರಣೆಯೆಂದು ಕರೆದು ಮುಗಿಸುವುದು ಸುಲಭ. ಮಳೆ, ಬೆಳೆ, ಸಂತಾನಗಳ ಹಾರೈಕೆ ಅದರಲ್ಲಿ ಇದ್ದೇ ಇದೆ. ದಶರಥನ ಯಜ್ಞದ ಉದ್ದೇಶವೇ ಸಂತಾನ. ಆದರೆ ವಿಧಿಯನ್ನು ಕಾಪಾಡಿಕೊಂಡು ಬಂದವರೇ ಅದರಲ್ಲಿ ಅಧಿಕಾರದ ಸ್ವರೂಪವನ್ನು ಕಂಡರು. ರಾಜನಿಗೂ ನಾಡಿಗೂ ಇರುವ ಸಂಬಂಧವನ್ನು ಅವರು ದಾಂಪತ್ಯವೆಂದು ಕರೆದರು. ಆ ದಾಂಪತ್ಯ ಸಮಬಲರದಲ್ಲ ಎಂಬುದನ್ನು ಯಜ್ಞಶಾಲೆಯಲ್ಲಿ ನಿಂತೇ ಹೇಳಿದರು. ರಾಜನ ಹೊಗಳಿಕೆಗೆಂದು ನಡೆಯುವ ಮಹಾಯಜ್ಞದ ಗರ್ಭದಲ್ಲಿ ರಾಜಶಕ್ತಿಯನ್ನು ಕುರಿತ ಇಂಥ ನಿಷ್ಠುರ ವಾಕ್ಯ ಉಳಿದುಬಂದಿದೆ.

ಐರ್ಲೆಂಡಿನ ಬಿಳಿಯ ಕುದುರೆ

ಇದಕ್ಕೆ ಹತ್ತಿರವಾದ ಇನ್ನೊಂದು ವೃತ್ತಾಂತ ಯುರೋಪಿನ ಪಶ್ಚಿಮದ ಅಂಚಿನಿಂದ ಬರುತ್ತದೆ. ವೇಲ್ಸ್‌ನ ಗೆರಾಲ್ಡ್ ಎಂಬ ಪಾದ್ರಿ 1185ರಲ್ಲಿ ರಾಜಕುಮಾರ ಜಾನನೊಡನೆ ಐರ್ಲೆಂಡಿಗೆ ಹೋದನು. 1188ರ ಸುಮಾರಿಗೆ ಆ ದೇಶವನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ‘ಟೊಪೊಗ್ರಾಫಿಯಾ ಹಿಬರ್ನಿಕಾ’ ಎಂಬ ಗ್ರಂಥವನ್ನು ಬರೆದು ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಗೆ ಅರ್ಪಿಸಿದನು. ಅಲ್ಸ್ಟರಿನ ಉತ್ತರಭಾಗದಲ್ಲಿ ಕೆನೆಲ್‌ಕುನಿಲ್ ಎಂಬ ಕುಲದವರು ತಮ್ಮ ಅರಸನಿಗೆ ಪಟ್ಟ ಕಟ್ಟುವ ಬಗೆಯನ್ನು ಅವನು ಅದರಲ್ಲಿ ವರ್ಣಿಸುತ್ತಾನೆ. ಜನರೆಲ್ಲ ನೆರೆದಾಗ ಒಂದು ಬಿಳಿಯ ಹೆಣ್ಣುಕುದುರೆಯನ್ನು ತರುತ್ತಾರೆ. ಪಟ್ಟಕ್ಕೇರುವವನು ಎಲ್ಲರೆದುರಿಗೆ ಅದರೊಡನೆ ಪಶುವಿನಂತೆ ವರ್ತಿಸುತ್ತಾನೆ. ಬಳಿಕ ಕುದುರೆಯನ್ನು ಕೊಂದು, ತುಂಡರಿಸಿ, ನೀರಿನಲ್ಲಿ ಬೇಯಿಸುತ್ತಾರೆ. ಆ ಸಾರಿನಲ್ಲೇ ಅವನು ಸ್ನಾನಕ್ಕೆ ಕುಳಿತು, ಸುತ್ತ ನಿಂತ ಜನರೊಡನೆ ಮಾಂಸವನ್ನು ತಿಂದು, ಪಾತ್ರೆಯನ್ನಾಗಲಿ ಕೈಯನ್ನಾಗಲಿ ಬಳಸದೆ ಬಾಯಿಯಿಂದಲೇ ಸಾರನ್ನು ಕುಡಿಯುತ್ತಾನೆ. ಅಲ್ಲಿಗೆ ಅವನ ಅರಸುತನ ಸ್ಥಿರವಾಗುತ್ತದೆ.

ಅಶ್ವಮೇಧದೊಡನೆ ಇದರ ಹೋಲಿಕೆ ಎದ್ದು ಕಾಣುವಂಥದು. ಜರ್ಮನ್ ವಿದ್ವಾಂಸ ಫ್ರಾಂಟ್ಸ್ ರೋಲ್ಫ್ ಶ್ರೋಡರ್ 1927ರಲ್ಲಿ ಇವೆರಡನ್ನೂ ಜೊತೆಗಿಟ್ಟು ಚರ್ಚಿಸಿದನು. ಯಾನ್ ಪುಹ್ವೆಲ್, ವೆಂಡಿ ಡೊನಿಗರ್ ಮೊದಲಾದವರು ಆ ಚರ್ಚೆಯನ್ನು ಮುಂದುವರಿಸಿದರು. ವ್ಯತ್ಯಾಸಗಳೂ ಸಣ್ಣವಲ್ಲ. ಭಾರತದಲ್ಲಿ ಗಂಡುಕುದುರೆ ಮತ್ತು ರಾಣಿ. ಐರ್ಲೆಂಡಿನಲ್ಲಿ ಹೆಣ್ಣುಕುದುರೆ ಮತ್ತು ಅರಸ. ಅಲ್ಲಿ ಸಾವಿನ ನಂತರ ಕೂಟ, ಇಲ್ಲಿ ಕೂಟದ ನಂತರ ಸಾವು. ಪ್ರಾಚೀನ ರೋಮಿನಲ್ಲಿ ಅಕ್ಟೋಬರ್ 15ರಂದು ಮಾರ್ಸ್ ದೇವತೆಗೆ ರಥದ ಕುದುರೆಯೊಂದನ್ನು ಬಲಿ ಕೊಟ್ಟು ಅದರ ಬಾಲವನ್ನು ರೆಗಿಯಾ ಎಂಬ ರಾಜಗೃಹಕ್ಕೆ ಒಯ್ಯುತ್ತಿದ್ದರು. ಅಲ್ಲಿ ಮದುವೆಯ ಸುಳಿವೇ ಇಲ್ಲ. ಮೂರಕ್ಕೂ ಒಂದೇ ಮೂಲವೆಂದು ಹೇಳುವುದಕ್ಕಿಂತ, ಕುದುರೆಯ ಬಲದಿಂದ ನೆಲವನ್ನು ಗೆದ್ದ ಸಮಾಜಗಳಲ್ಲಿ ಕುದುರೆಯು ಅರಸುತನದ ದೇಹವೇ ಆಗಿತ್ತು ಎಂದು ಹೇಳುವುದು ಹೆಚ್ಚು ಸುರಕ್ಷಿತ.

ಗೆರಾಲ್ಡನನ್ನು ನಂಬುವುದೆಷ್ಟು ಎಂಬುದು ಬೇರೆಯ ಪ್ರಶ್ನೆ. ಅವನು ಆ ಪಟ್ಟಾಭಿಷೇಕವನ್ನು ಕಣ್ಣಾರೆ ಕಂಡವನಲ್ಲ. ಐರ್ಲೆಂಡನ್ನು ಆಕ್ರಮಿಸಿದ ನಾರ್ಮನ್ ಮನೆತನಗಳಲ್ಲೊಂದು ಅವನ ಸ್ವಂತ ಬಳಗ. ಐರಿಷರು ಅನಾಗರಿಕರು, ಹೆಸರಿಗೆ ಮಾತ್ರ ಕ್ರೈಸ್ತರು ಎಂದು ತೋರಿಸಿದರೆ ಅವರ ನೆಲವನ್ನು ಹಿಡಿಯುವುದು ಧರ್ಮಕಾರ್ಯವಾಗುತ್ತದೆ. ಬಿಳಿಯ ಕುದುರೆಯ ಕಥೆ ಆ ವಾದಕ್ಕೆ ಒದಗಿಬಂದ ಸಾಕ್ಷಿ. 17ನೆಯ ಶತಮಾನದಲ್ಲಿ ಐರಿಷ್ ಇತಿಹಾಸಕಾರ ಜೆಫ್ರಿ ಕೀಟಿಂಗ್ ಈ ಕಥೆಯನ್ನು ಹೆಸರೆತ್ತಿ ಖಂಡಿಸಿದನು: ಆ ಕುಲದ ಒಡೆಯನಾದ ಓ ಡೊನೆಲ್ ಬೆಟ್ಟದ ಮೇಲೆ ತನ್ನ ಪ್ರಮುಖರ ನಡುವೆ ಕುಳಿತು ಬಿಳಿಯ ಕೋಲೊಂದನ್ನು ಸ್ವೀಕರಿಸುವುದೇ ಪಟ್ಟದ ವಿಧಿಯೆಂದು ತಿಳಿಸಿದನು.

ಕೀಟಿಂಗನ ಖಂಡನೆಯನ್ನು ಒಪ್ಪಿದರೂ ಒಂದು ಸಂಗತಿ ಉಳಿಯುತ್ತದೆ. ಅರಸನಾಗುವುದನ್ನು ಮದುವೆಯೆಂದು ಕರೆಯುವ ರೂಢಿ ಐರಿಷ್ ಭಾಷೆಯಲ್ಲೇ ಇತ್ತು. ಪಟ್ಟಾಭಿಷೇಕಕ್ಕೆ ಆ ಭಾಷೆಯಲ್ಲಿ ‘ಅರಸುತನದ ಮದುವೆಯೂಟ’ ಎಂಬ ಅರ್ಥದ ಮಾತಿದೆ. 1310ರಲ್ಲಿ ಫೆಲಿಮ್ ಓ ಕಾನರ್ ಪಟ್ಟಕ್ಕೇರಿದುದನ್ನು ಕೊನ್ನಾಕ್ಟ್ ಪ್ರಾಂತದ ವಾರ್ಷಿಕ ವೃತ್ತಾಂತವು, ಅವನು ಆ ಪ್ರಾಂತದೊಡನೆಯೇ ಮದುವೆಯಾದನೆಂಬ ಮಾತಿನಲ್ಲಿ ದಾಖಲಿಸುತ್ತದೆ. ಅಲ್ಲಿ ಕುದುರೆಯಿಲ್ಲ, ನೆಲವೇ ವಧು. ಗೆರಾಲ್ಡ್ ಕೇಳಿದ ಕಥೆ ಸುಳ್ಳಾಗಿರಲಿ, ಹಳೆಯ ನಿಜವೊಂದರ ಕೆಟ್ಟ ಪ್ರತಿಧ್ವನಿಯಾಗಿರಲಿ, ಅದರ ಬುಡದಲ್ಲಿದ್ದ ಕಲ್ಪನೆ ಐರಿಷರದೇ.

ಹೇಳುವವರು, ಮುಚ್ಚುವವರು

ಒಂದೇ ಬಗೆಯ ಆಚರಣೆ ಹೇಳುವವನ ಕೈಯಲ್ಲಿ ಪವಿತ್ರವೂ ಆಗಬಲ್ಲದು, ಹೇಯವೂ ಆಗಬಲ್ಲದು. ಶತಪಥದ ಕರ್ತೃಗಳು ಒಳಗಿನವರು. ಹೇಳಿ, ಅರ್ಥ ಬಿಡಿಸಿ, ಬಾಯಿ ತೊಳೆದರು. ಗೆರಾಲ್ಡ್ ಹೊರಗಿನವನು, ದಂಡಯಾತ್ರೆಯ ಸಮರ್ಥನೆಗೆಂದು ಸಾರಿ ಹೇಳಿದನು. ಮೂರನೆಯ ದಾರಿಯೂ ಒಂದುಂಟು. ಬನಾರಸಿನಲ್ಲಿ ಕೆಲಸ ಮಾಡಿದ್ದ ರಾಲ್ಫ್ ಗ್ರಿಫಿತ್ 1899ರಲ್ಲಿ ಶುಕ್ಲ ಯಜುರ್ವೇದವನ್ನು ಇಂಗ್ಲಿಷಿಗೆ ಅನುವಾದಿಸಿದಾಗ, ಈ ಸಂವಾದದ ಮಂತ್ರಗಳನ್ನು ಬಿಟ್ಟೇಬಿಟ್ಟನು. ಪಂಡಿತರ ಯುರೋಪಿಯನ್ ಭಾಷೆಯೊಂದರ ಮರೆಯಲ್ಲಿಯೂ ಅವನ್ನು ಕೊಡಲಾಗದೆಂದು ಅಡಿಟಿಪ್ಪಣಿ ಬರೆದನು. ಅದರಿಂದ ಅವನ ಓದುಗರು ಅಶ್ಲೀಲವನ್ನಷ್ಟೇ ಕಳೆದುಕೊಳ್ಳಲಿಲ್ಲ. ಯಾವ ಮಾತುಗಳನ್ನು ಹಿಡಿದು ಬ್ರಾಹ್ಮಣವು ರಾಜಶಕ್ತಿಯ ಕ್ರೌರ್ಯವನ್ನು ಬಿಡಿಸಿತೋ ಆ ಮಾತುಗಳನ್ನೇ ಕಳೆದುಕೊಂಡರು.

ಇಂದಿಗೂ ಜೀವಂತವಾಗಿರುವ ಒಂದು ಉದಾಹರಣೆ ಇಲ್ಲಿ ಉಪಯುಕ್ತ. ಮೆಕ್ಸಿಕೋದ ಓಹಾಕಾ ಪ್ರಾಂತದ ಸಾನ್ ಪೆದ್ರೊ ಹುವಾಮೆಲುಲಾ ಎಂಬ ಊರಿನಲ್ಲಿ, ಜೂನ್ ಕೊನೆಯಲ್ಲಿ ಬರುವ ಸಂತ ಪೀಟರನ ಹಬ್ಬದ ದಿನಗಳಲ್ಲಿ, ಊರಿನ ಮೇಯರ್ ಮೊಸಳೆಯ ಜಾತಿಯ ಹೆಣ್ಣು ಕೈಮನ್ ಒಂದನ್ನು ಮದುವೆಯಾಗುತ್ತಾನೆ. ಅದಕ್ಕೆ ಮದುವಣಗಿತ್ತಿಯ ಉಡುಪು ತೊಡಿಸಿ ಮನೆಮನೆಗೆ ಒಯ್ದು ಕುಣಿಸುತ್ತಾರೆ. ಆ ನೆಲದ ಚೊಂತಾಲ್ ಮತ್ತು ಹುವಾವೆ ಎಂಬ ಎರಡು ಮೂಲನಿವಾಸಿ ಜನಾಂಗಗಳು ಚೊಂತಾಲ್ ದೊರೆಗೂ ಹುವಾವೆ ರಾಜಕುಮಾರಿಗೂ ಆದ ಮದುವೆಯಿಂದ ವೈರವನ್ನು ತೊರೆದವೆಂಬುದು ಅವರ ಐತಿಹ್ಯ. ಮೇಯರ್ ಆ ದೊರೆಯ ಪ್ರತಿನಿಧಿ, ಕೈಮನ್ ಆ ರಾಜಕುಮಾರಿ. ಮಳೆ, ಬೆಳೆ, ಮೀನು ಸಮೃದ್ಧವಾಗಲಿ ಎಂಬ ಹಾರೈಕೆಯೂ ಜೊತೆಗಿದೆ. ಪ್ರತಿವರ್ಷ ಸುದ್ದಿಸಂಸ್ಥೆಗಳ ಮೂಲಕ ಲೋಕಕ್ಕೆ ತಲುಪುವುದು ಮಾತ್ರ ಮೇಯರನು ಅದಕ್ಕೆ ಮುತ್ತಿಡುವ ಚಿತ್ರ. ಎರಡು ಜನಾಂಗಗಳ ಸಂಧಿಯ ಕಥೆ ನಗೆಯ ನಡುವೆ ಕರಗಿಹೋಗುತ್ತದೆ.

ಅಶ್ವಮೇಧದಲ್ಲಿಯೂ ಹುವಾಮೆಲುಲಾದಲ್ಲಿಯೂ ಪ್ರಾಣಿಯು ತನಗಾಗಿ ಅಲ್ಲಿಲ್ಲ. ಸಹಿ ಹಾಕಲಾರದ, ಮಾತು ಕೊಡಲಾರದ ಯಾವುದೋ ಒಂದರ ಪರವಾಗಿ ಇದೆ. ನೆಲ ಒಪ್ಪಿಗೆ ಕೊಡಲಾರದು. ಇಡಿಯ ಜನಾಂಗವೊಂದು ಹಸೆಮಣೆಯ ಮೇಲೆ ಕೂರಲಾರದು. ಅವುಗಳ ಬದಲಿಗೆ ಪ್ರಾಣಿ ಬರುತ್ತದೆ. ಅದೂ ಒಪ್ಪಿಗೆ ಕೊಡಲಾರದು ಎಂಬುದು ನಿಜ. ಕುದುರೆಯ ಉಸಿರು ಕಟ್ಟಿಸಲಾಗಿದೆ. ಕಚ್ಚದಿರಲೆಂದು ಕೈಮನ್ನಿನ ಬಾಯಿಯನ್ನು ಕಟ್ಟಲಾಗಿದೆ.

ಕನ್ನಡ ನಾಡಿನಲ್ಲಿ ಉಳಿದದ್ದು

ಬಾದಾಮಿಯ ಶಾಸನದ ಮೌನಕ್ಕೆ ಹಿಂದಿರುಗಿದರೆ, ಅದು ಪೂರ್ಣ ಮೌನವಲ್ಲ ಎಂಬುದು ಈಗ ಕಾಣುತ್ತದೆ. ಶಾಸನವು ರಾಜನನ್ನು ಕರೆಯುವುದೇ ‘ವಲ್ಲಭ’ ಎಂಬ ಹೆಸರಿನಿಂದ. ಚಾಲುಕ್ಯರ ಪ್ರಸಿದ್ಧ ಬಿರುದು ‘ಶ್ರೀಪೃಥ್ವೀವಲ್ಲಭ’: ಶ್ರೀಗೂ ಭೂಮಿಗೂ ಪತಿಯಾದವನು. ವಿಷ್ಣುವಿಗೆ ಸಲ್ಲುವ ಈ ದಾಂಪತ್ಯವನ್ನು ಅರಸನು ತನ್ನದಾಗಿಸಿಕೊಂಡಿದ್ದಾನೆ. ರಾಷ್ಟ್ರಕೂಟರೂ ಈ ಬಿರುದನ್ನು ಧರಿಸಿದರು. 9 ಮತ್ತು 10ನೆಯ ಶತಮಾನಗಳ ಅರಬ್ ಬರಹಗಾರರು ಅವರನ್ನು ‘ಬಲ್ಹರಾ’ ಎಂದು ಕರೆದದ್ದು ‘ವಲ್ಲಭರಾಜ’ ಎಂಬುದರ ರೂಪಾಂತರವೇ. ಯಜ್ಞಶಾಲೆಯ ಹೊದಿಕೆಯ ಕೆಳಗೆ ನಡೆದ ಮದುವೆ ಇಲ್ಲಿ ಬಿರುದಿನೊಳಗೆ ಸೇರಿಕೊಂಡಿದೆ. ಐರ್ಲೆಂಡಿನ ಅರಸನು ಪ್ರಾಂತವನ್ನು ವರಿಸಿದಂತೆ ಕರ್ಣಾಟಕದ ಅರಸನು ಪೃಥ್ವಿಯನ್ನು ವರಿಸಿದನು. ಅವನಿಗೆ ಈಗ ಕುದುರೆ ಬೇಕಾಗಿಲ್ಲ.

ಆದರೆ ಬ್ರಾಹ್ಮಣವು ಎತ್ತಿದ ಪ್ರಶ್ನೆ ಬಿರುದಿನೊಳಗೆ ಕರಗುವಂಥದಲ್ಲ. ಪುಲಕೇಶಿಯ ಶಾಸನದಿಂದ ನಾಲ್ಕು ಶತಮಾನಗಳ ಬಳಿಕ, 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ಆ ಪ್ರಶ್ನೆಯನ್ನು ಬೇರೆಯ ನೆಲೆಯಿಂದ ಎದುರಿಸುತ್ತಾನೆ. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದ ಬಾಹುಬಲಿಯು ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟುಕೊಡುತ್ತಾನೆ. ಅವನ ಮಾತಿನಲ್ಲಿ ರಾಜ್ಯಲಕ್ಷ್ಮಿಯು ಭಟರ ಕತ್ತಿಗಳೆಂಬ ನೈದಿಲೆಗಳ ತೋಟದಲ್ಲಿ ಹಾರಾಡುವ ಹೆಣ್ಣುದುಂಬಿ. ಅಣ್ಣನು ಒಲಿದ ಹೆಣ್ಣಿಗೂ ನೆಲಕ್ಕೂ ತಾನು ಆಸೆಪಟ್ಟರೆ ಕೀರ್ತಿ ಮಾಸದೇ ಎಂಬುದು ಅವನ ಪ್ರಶ್ನೆ. ನೆಲವು ಹೆಣ್ಣು, ಅರಸು ಅವಳ ಗಂಡ ಎಂಬ ಹಳೆಯ ರೂಪಕವನ್ನು ಪಂಪನು ಅಲ್ಲಗಳೆಯುವುದಿಲ್ಲ. ಅದನ್ನು ಅಕ್ಷರಶಃ ಹಿಡಿದು, ಹಾಗಿದ್ದರೆ ಪರರ ನೆಲಕ್ಕೆ ಆಸೆಪಡುವುದು ಏನೆನಿಸುತ್ತದೆ ಎಂದು ಕೇಳಿಸುತ್ತಾನೆ. ವಧುವು ಕುದುರೆಯಾಗದೆ ದುಂಬಿಯಾದಾಗ, ಅವಳು ಯಾರ ಬಳಿಯೂ ನಿಲ್ಲುವವಳಲ್ಲ ಎಂಬ ಅರಿವೂ ಅದರೊಡನೆ ಬಂದಿದೆ.

ಮತ್ತೊಂದು ದಾರಿ ಜೈಮಿನಿಯ ಪರಂಪರೆಯದು. ಮಧ್ಯಯುಗದ ಧರ್ಮಶಾಸ್ತ್ರ ನಿಬಂಧಗಳು ಅಶ್ವಮೇಧವನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದವು. ಯಜ್ಞವಾಗಿ ಅದು ಅಪರೂಪವಾಯಿತು, ಕಥೆಯಾಗಿ ಜನಪ್ರಿಯವಾಯಿತು. ಜೈಮಿನಿಯ ಹೆಸರಿನ ಅಶ್ವಮೇಧಪರ್ವವನ್ನು ಆಧರಿಸಿ ದೇವನೂರಿನ ಲಕ್ಷ್ಮೀಶನು ವಾರ್ಧಕ ಷಟ್ಪದಿಯಲ್ಲಿ ಜೈಮಿನಿ ಭಾರತವನ್ನು ಬರೆದನು. ಗಮಕಿಗಳ ಬಾಯಲ್ಲಿ ಅದು ಊರೂರಿನಲ್ಲಿ ಕೇಳಿಬಂತು. ಜೈಮಿನಿಯ ಸಂಸ್ಕೃತ ಕಥನದಲ್ಲಿ ಎರಡು ಮಾರ್ಪಾಡುಗಳು ಎದ್ದು ಕಾಣುತ್ತವೆ. ಯಜ್ಞದೀಕ್ಷೆಯಲ್ಲಿರುವ ಧರ್ಮರಾಯನು ಕುದುರೆ ಅಲೆಯುವ ವರ್ಷವೆಲ್ಲ ‘ಅಸಿಪತ್ರವ್ರತ’ವನ್ನು ನಡೆಸಬೇಕು: ಪತ್ನಿಯೊಡನೆ ಒಂದೇ ಹಾಸಿಗೆ, ನಡುವೆ ಒಂದು ಕತ್ತಿ. ಶತಪಥದಲ್ಲಿ ವಾವಾತೆಯೊಡನೆ ಕಳೆಯಬೇಕಾಗಿದ್ದ ಒಂದು ರಾತ್ರಿಯ ಸಂಯಮವು ಇಲ್ಲಿ ಇಡಿಯ ವರ್ಷಕ್ಕೆ ಚಾಚಿಕೊಂಡಿದೆ. ಎರಡನೆಯದು ಕೊನೆಯಲ್ಲಿ: ಬಲಿಯಾದ ಕುದುರೆಯಿಂದ ಹೊರಟ ತೇಜಸ್ಸು ಕೃಷ್ಣನಲ್ಲಿ ಸೇರುತ್ತದೆ, ಅದರ ದೇಹವು ಕರ್ಪೂರವಾಗುತ್ತದೆ, ಆ ಕರ್ಪೂರದಿಂದಲೇ ಹೋಮ ನಡೆಯುತ್ತದೆ.

ಕರ್ಪೂರದ ಬಳಿ ಮಲಗಬೇಕಾದ ಅಗತ್ಯ ಯಾವ ರಾಣಿಗೂ ಇಲ್ಲ. ಭಕ್ತಿಯ ಕಥೆ ಮಹಿಷಿಯನ್ನು ಆ ಹೊದಿಕೆಯಿಂದ ಬಿಡಿಸಿದ ರೀತಿ ಇದು. ಗೆರಾಲ್ಡನಂತೆ ಹೀಯಾಳಿಸದೆ, ಗ್ರಿಫಿತನಂತೆ ಹಾಳೆಯನ್ನು ಖಾಲಿ ಬಿಡದೆ, ವಸ್ತುವನ್ನೇ ಮತ್ತೊಂದನ್ನಾಗಿ ಮಾರ್ಪಡಿಸಿತು. ಬಾಯಿ ಸುಗಂಧವಾಗಲಿ ಎಂದು ಋತ್ವಿಜರು ಬೇಡಿಕೊಂಡಿದ್ದರು. ಈ ಕಥೆಯಲ್ಲಿ ಕುದುರೆಯ ದೇಹವೇ ಸುಗಂಧವಾಯಿತು. ಆದರೆ ಈ ಮಾರ್ಪಾಡಿಗೂ ಒಂದು ಬೆಲೆಯಿದೆ. ಮಹಿಷಿಯ ಮಾನ ಉಳಿದ ಕಡೆ, ಹಕ್ಕಿ ಮತ್ತು ಪೈರುಗಳ ಮೂಲಕ ಹೇಳಲಾಗಿದ್ದ ಪ್ರಜಾಪೀಡನೆಯ ಮಾತು ಹೋಯಿತು. ಅದನ್ನು ಹುಡುಕುವವರು ಶತಪಥಕ್ಕೆ ಮರಳಬೇಕು, ಇಲ್ಲವೇ ಪಂಪನ ಬಾಹುಬಲಿಯನ್ನು ಕೇಳಬೇಕು.

ಅರಸರ ಮದುವೆಗಳು ಮುಗಿದ ಮೇಲೂ ಕರ್ನಾಟಕದ ಹಳ್ಳಿಗಳಲ್ಲಿ ಮಳೆ ತಪ್ಪಿದ ವರ್ಷ ಕತ್ತೆಗಳಿಗೆ, ಕಪ್ಪೆಗಳಿಗೆ ಮದುವೆ ಮಾಡಿಸುವುದುಂಟು. ಬಾಸಿಂಗ ಕಟ್ಟಿ, ಅರಿಸಿನ ಹಚ್ಚಿ, ವಾದ್ಯದೊಡನೆ ಮೆರವಣಿಗೆ ಹೊರಡಿಸುತ್ತಾರೆ. ಅಲ್ಲಿ ಮನುಷ್ಯರು ವಧುವೂ ಅಲ್ಲ, ವರನೂ ಅಲ್ಲ; ಬೀಗರು ಮಾತ್ರ. ಯಾರೂ ಯಾರ ಮೇಲೂ ಒಡೆತನವನ್ನು ಸ್ಥಾಪಿಸುವುದಿಲ್ಲ, ಮದುವೆಯ ಕೊನೆಯಲ್ಲಿ ಯಾವ ಪ್ರಾಣಿಯೂ ಸಾಯಬೇಕಾಗಿಲ್ಲ. ನೆಲದ ಗಂಡನಾಗಬೇಕೆಂಬ ಹಂಬಲ ಅರಸನದು. ಆ ನೆಲಕ್ಕೆ ಮಳೆ ಬರಲೆಂಬ ಹಂಬಲ ಒಕ್ಕಲಿನದು. ಎರಡೂ ಮದುವೆಯ ಭಾಷೆಯನ್ನೇ ಆಡಿದರೂ, ಕೇಳಿಕೊಂಡದ್ದು ಒಂದೇ ಅಲ್ಲ.